ಸ್ಕೋರ್ ಮೆಂಟರಿಂಗ್: ಸಲಹೆ ಪುಕ್ಕಟೆ, ಲೆಕ್ಕ ಮಾತ್ರ ನೀವೇ ತರಬೇಕು

ಏನು: ಸಣ್ಣ ವ್ಯಾಪಾರ ಮಾಡುವವರಿಗೆ ಅನುಭವಿ ಸ್ವಯಂಸೇವಕರಿಂದ (ಮೆಂಟರ್) ಸಲಹೆ ಕೊಡಿಸುವ ಸಂಸ್ಥೆ. ಎಲ್ಲಿ: ಅಮೆರಿಕದಾದ್ಯಂತ, ಮುಖಾಮುಖಿಯಾಗಿ ಅಥವಾ ವಿಡಿಯೋ ಕರೆಯಲ್ಲಿ. ಶುಲ್ಕ: ಇಲ್ಲ. ಅಂಕ: 5ಕ್ಕೆ 4. ಅಂಗಡಿಯ ಬಾಡಿಗೆ ಕರಾರಿಗೆ ಸಹಿ ಹಾಕಿ ಆಮೇಲೆ ಹೋಗುವವರಿಗೆ 5ಕ್ಕೆ 2.

ಅಮೆರಿಕದ ಯಾವುದೇ ಊರಿನ ಕನ್ನಡ ಸಂಘದ ಯುಗಾದಿಗೆ ಹೋಗಿ, ಹಾಲ್‌ನ ಹೊರಗೆ ಒಂದೆರಡು ಮೇಜು ಕಣ್ಣಿಗೆ ಬೀಳುತ್ತವೆ. ಒಂದರ ಮೇಲೆ ಚಟ್ನಿಪುಡಿ, ಸಾರಿನಪುಡಿ, ಹುರಿಹಿಟ್ಟು. ಇನ್ನೊಂದರ ಮೇಲೆ ಇಳಕಲ್ ಸೀರೆ. ಮಧ್ಯಾಹ್ನದ ಊಟದ ಹೊತ್ತಿಗೆ ಪುಡಿಯ ಮೇಜು ಅರ್ಧ ಖಾಲಿ. ಅಲ್ಲಿಂದಲೇ ಆಸೆ ಹುಟ್ಟುವುದು: ಇದನ್ನೇ ಸರಿಯಾದ ವ್ಯಾಪಾರ ಮಾಡಿದರೆ? ಪರಿಚಯದವರನ್ನು ಕೇಳಿದರೆ "ಮಾಡ್ರೀ, ನಿಮ್ಮ ಕೈರುಚಿಗೆ ಹೋಗೇ ಹೋಗುತ್ತೆ" ಅನ್ನುತ್ತಾರೆ. ಎದುರಿಗೆ ನಿಂತು ಬೇಡ ಅನ್ನುವ ದಾಕ್ಷಿಣ್ಯಗೇಡಿಗಳು ನಮ್ಮಲ್ಲಿ ಕಡಿಮೆ. ಪುಡಿ ರುಚಿಯಾಗಿರುವುದು ಬೇರೆ, ಪುಡಿಯಿಂದ ದುಡ್ಡು ಉಳಿಯುವುದು ಬೇರೆ. ಎರಡನೆಯದನ್ನು ಪೆನ್ನು ಹಿಡಿದು ಕೇಳುವ ಹೊರಗಿನವರೊಬ್ಬರು ಬೇಕು. ಸ್ಕೋರ್ ಒದಗಿಸುವುದು ಅಂಥವರನ್ನು.

ಈ ಸಂಸ್ಥೆ ಶುರುವಾದದ್ದು 1964ರ ಅಕ್ಟೋಬರ್‌ನಲ್ಲಿ, ಅಮೆರಿಕ ಸರ್ಕಾರದ ಸಣ್ಣ ಉದ್ಯಮಗಳ ಆಡಳಿತ ಸಂಸ್ಥೆ ಎಸ್‌ಬಿಎ ಆಸರೆಯಲ್ಲಿ. ಸ್ಕೋರ್ ಎಂಬ ಹೆಸರು ಮೂಲದಲ್ಲಿ ನಿವೃತ್ತ ಅಧಿಕಾರಿಗಳ ಸೇವಾದಳ ಎಂಬುದರ ಹ್ರಸ್ವರೂಪ. ಈಗ ಇನ್ನೂ ಕೆಲಸದಲ್ಲಿರುವವರೂ, ಸ್ವಂತ ಅಂಗಡಿ ನಡೆಸುತ್ತಿರುವವರೂ ಮೆಂಟರ್‌ಗಳಾಗಿದ್ದಾರೆ. ಸುಮಾರು ಹತ್ತು ಸಾವಿರ ಸ್ವಯಂಸೇವಕರು, ಯಾರಿಗೂ ಸಂಬಳವಿಲ್ಲ. ಖರ್ಚು ನಡೆಯುವುದು ಫೆಡರಲ್ ಅನುದಾನದಿಂದ ಮತ್ತು ದೇಣಿಗೆಯಿಂದ. ಆ ಅನುದಾನದ ಬಳಕೆಯಲ್ಲಿ ಲೋಪಗಳಿವೆಯೆಂದು ಎಸ್‌ಬಿಎಯ ಇನ್ಸ್‌ಪೆಕ್ಟರ್ ಜನರಲ್ ಕಚೇರಿ 2019ರಲ್ಲಿ ವರದಿ ಕೊಟ್ಟಿತ್ತು ಎಂಬುದನ್ನೂ ಹೇಳಿಬಿಡಬೇಕು. ಅದು ಕೇಂದ್ರ ಕಚೇರಿಯ ಹಣದ ವಿಷಯ, ನಿಮ್ಮೂರಿನ ಮೆಂಟರ್‌ಗೂ ಅದಕ್ಕೂ ನಂಟಿಲ್ಲ. ಮೆಂಟರ್‌ಗಳು ನೀತಿಸಂಹಿತೆಗೆ ಬದ್ಧರು: ಹೇಳಿದ್ದನ್ನು ಹೊರಗೆ ಬಿಡುವಂತಿಲ್ಲ, ನಿಮ್ಮಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ, ತಮ್ಮ ಸೇವೆಯನ್ನೋ ಸರಕನ್ನೋ ನಿಮಗೆ ಮಾರುವಂತಿಲ್ಲ. ಯಾರಾದರೂ ಮಾರಲು ಬಂದರೆ ಆ ಶಾಖೆಗೆ ಒಂದು ಮೇಲ್ ಹಾಕಿ, ಮೆಂಟರ್ ಬದಲಾಯಿಸಿಕೊಳ್ಳಿ.

ಸೇರುವುದು ಸುಲಭ. ಜಾಲತಾಣದಲ್ಲಿ ಪಿನ್‌ಕೋಡ್ ಹಾಕಿದರೆ ಹತ್ತಿರದ ಶಾಖೆ ಸಿಗುತ್ತದೆ. ಬೇಕೆಂದರೆ ಅನುಭವದ ಕ್ಷೇತ್ರ ನೋಡಿ ಬೇರೆ ರಾಜ್ಯದ ಮೆಂಟರನ್ನೂ ಆರಿಸಬಹುದು. ಎಸ್‌ಬಿಎಯ ಫಾರ್ಮ್ 641 ಎಂಬ ಒಂದು ನಮೂನೆ ತುಂಬಿಸುತ್ತಾರೆ, ಸಲಹೆ ಪಡೆದವರ ಲೆಕ್ಕ ಸರ್ಕಾರಕ್ಕೆ ಕೊಡಬೇಕಲ್ಲ, ಅದಕ್ಕೆ. ಹೆಚ್ಚಿನವರು ಎಡವುವುದು ಅರ್ಜಿಯಲ್ಲಿರುವ 'ನಿಮಗೆ ಏನು ಸಹಾಯ ಬೇಕು' ಎಂಬ ಪೆಟ್ಟಿಗೆಯಲ್ಲಿ. "ಆಹಾರದ ವ್ಯಾಪಾರ ಶುರುಮಾಡಬೇಕೆಂದಿದ್ದೇನೆ, ಮಾರ್ಗದರ್ಶನ ಬೇಕು" ಎಂದು ಬರೆದರೆ ಯಾರು ಬಿಡುವಾಗಿದ್ದಾರೋ ಅವರು ಸಿಗುತ್ತಾರೆ. ಅವರು ಮೂವತ್ತು ವರ್ಷ ವಿಮಾನದ ಬಿಡಿಭಾಗ ಮಾರಿದವರಾಗಿದ್ದರೂ ಆಶ್ಚರ್ಯವಿಲ್ಲ. ಬದಲಿಗೆ ಐದು ಸಾಲು ಬರೆಯಿರಿ: ಏನು ಮಾರುತ್ತೀರಿ, ಯಾವ ಕೌಂಟಿಯಲ್ಲಿ, ಈಗ ತಿಂಗಳಿಗೆ ಎಷ್ಟು ಮಾರಾಟ (ಸೊನ್ನೆಯಾದರೆ ಸೊನ್ನೆ ಅಂತಲೇ ಬರೆಯಿರಿ), ಮುಂದಿರುವ ನಿರ್ಧಾರ ಯಾವುದು, ಅದಕ್ಕೆ ಕಡೇ ದಿನ ಯಾವುದು. "ಪ್ಯಾಕೆಟ್ ಆಹಾರ ಅಥವಾ ರೆಸ್ಟೋರೆಂಟ್ ಅನುಭವ ಇರುವವರು ಬೇಕು" ಎಂದು ಕೊನೆಯಲ್ಲಿ ಸೇರಿಸಿ. ಒಂದು ವಾರ ಕಳೆದರೂ ಉತ್ತರ ಬರದಿದ್ದರೆ ಮತ್ತೆ ಬರೆಯಿರಿ. ಸ್ವಯಂಸೇವಕರ ಸಂಸ್ಥೆ, ಒಂದು ಮೇಲ್ ಕಳೆದುಹೋಗುವುದು ಇದ್ದದ್ದೇ.

ಮೊದಲ ಭೇಟಿಯಿಂದ ದೊಡ್ಡದೇನನ್ನೂ ನಿರೀಕ್ಷಿಸಬೇಡಿ. ಸುಮಾರು ಒಂದು ಗಂಟೆ, ಅದರಲ್ಲಿ ಅರ್ಧ ಪರಿಚಯಕ್ಕೇ ಹೋಗುತ್ತದೆ. ಸೇವೆಯ ನಿಜವಾದ ಬೆಲೆ ಗೊತ್ತಾಗುವುದು ಎರಡನೆಯ ಭೇಟಿಯಿಂದ ನಾಲ್ಕನೆಯದರವರೆಗೆ, ನೀವು ಸ್ಕೋರ್‌ನ ಹನ್ನೆರಡು ತಿಂಗಳ ಕ್ಯಾಶ್ ಫ್ಲೋ ಹಾಳೆಯನ್ನು (ಯಾವ ತಿಂಗಳು ಎಷ್ಟು ದುಡ್ಡು ಬಂತು, ಎಷ್ಟು ಹೋಯಿತು ಎಂಬ ಲೆಕ್ಕ) ತುಂಬಿಸಿಕೊಂಡು ಹೋದಾಗ. ಆ ಹಾಳೆ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತದೆ. ವ್ಯಾಪಾರ ಯೋಜನೆಯ ನಮೂನೆ, ಖರ್ಚು ಆದಾಯ ಸರಿಸಮ ಆಗುವುದು ಯಾವಾಗ ಎಂಬ ಬ್ರೇಕ್ ಈವನ್ ಲೆಕ್ಕದ ಹಾಳೆಗಳೂ ಇವೆ. ನಲವತ್ತು ಪುಟದ ಯೋಜನೆ ಬರೆಯಲು ಹೋಗಬೇಡಿ. ಬ್ಯಾಂಕಿಗೆ ಹೋಗುವ ದಿನದವರೆಗೆ ಅದು ಬೇಕಾಗುವುದಿಲ್ಲ. ಹನ್ನೆರಡು ತಿಂಗಳ ಹಾಳೆ ಮಾತ್ರ ಇವತ್ತೇ ಬೇಕು.

ಒಂದು ಉದಾಹರಣೆ ಬಿಡಿಸಿ ನೋಡೋಣ. ಅಂಕಿಗಳು ಲೆಕ್ಕಕ್ಕೆಂದು ಇಟ್ಟುಕೊಂಡವು, ಆದರೆ ಪ್ರಮಾಣ ವಾಸ್ತವಕ್ಕೆ ದೂರವಿಲ್ಲ. ರೈತರ ಸಂತೆಯಲ್ಲಿ ಶನಿವಾರ 200 ಗ್ರಾಂ ಶೇಂಗಾ ಚಟ್ನಿಪುಡಿಯ ಪ್ಯಾಕೆಟ್ 8 ಡಾಲರ್‌ಗೆ ಮಾರಾಟ. ಸಾಮಾನಿಗೆ 2.10, ಪೌಚು ಮತ್ತು ಲೇಬಲ್‌ಗೆ 0.65, ಕಾರ್ಡ್ ಶುಲ್ಕ 0.35, ಒಟ್ಟು 3.10. ಪ್ಯಾಕೆಟ್‌ಗೆ 4.90 ಉಳಿಯಿತು. ಅರ್ಧಕ್ಕಿಂತ ಹೆಚ್ಚು ಲಾಭ ಎಂದು ಮನೆಯಲ್ಲಿ ಸಂತೋಷಪಡುವುದು ಇಲ್ಲಿಯೇ. ಮೆಂಟರ್ ಮುಂದಿನ ಸಾಲು ಬರೆಸುತ್ತಾರೆ: ಆ ಶನಿವಾರ 22 ಪ್ಯಾಕೆಟ್ ಹೋದವು, ಕೈಗೆ 107.80. ಸಂತೆಯ ಜಾಗಕ್ಕೆ 45, ಪೆಟ್ರೋಲು ಪಾರ್ಕಿಂಗ್‌ಗೆ 12. ಉಳಿದದ್ದು 50.80. ಆಮೇಲೆ ಕೇಳುತ್ತಾರೆ, ಎಷ್ಟು ಗಂಟೆ ಕೆಲಸ? ಸಂತೆಯಲ್ಲಿ ಆರು, ಹುರಿದು ಪುಡಿಮಾಡಿ ತುಂಬಲು ಐದು. ಗಂಟೆಗೆ 4.62 ಡಾಲರ್ ಬಿತ್ತು. ಫೆಡರಲ್ ಕನಿಷ್ಠ ಕೂಲಿ 7.25. ಬೇರೆಯವರನ್ನು ಈ ಕೂಲಿಗೆ ಇಟ್ಟುಕೊಂಡರೆ ಕಾನೂನು ಬಿಡುವುದಿಲ್ಲ, ನಮ್ಮನ್ನು ನಾವೇ ಇಟ್ಟುಕೊಂಡರೆ ಕೇಳುವವರಿಲ್ಲ.

ಒಳ್ಳೆಯ ಮೆಂಟರ್ ಇಲ್ಲಿಗೆ ನಿಲ್ಲಿಸುವುದಿಲ್ಲ. ಬೆಲೆ 10 ಡಾಲರ್ ಮಾಡಿ, ಮೂರು ಪ್ಯಾಕೆಟ್ ಕಳೆದುಕೊಂಡರೂ ಏನಾಗುತ್ತದೆ ನೋಡೋಣ ಅನ್ನುತ್ತಾರೆ. ಕಾರ್ಡ್ ಶುಲ್ಕ ಐದು ಸೆಂಟ್ ಏರಿ ಅಸಲು 3.15, ಉಳಿಕೆ 6.85, ಹತ್ತೊಂಬತ್ತು ಪ್ಯಾಕೆಟ್‌ಗೆ 130.15. ಜಾಗ, ಪೆಟ್ರೋಲಿನ ಅದೇ 57 ಕಳೆದರೆ 73.15. ಎರಡು ವಾರದ ಪುಡಿಯನ್ನು ಒಟ್ಟಿಗೆ ಮಾಡಿ ತಯಾರಿಕೆಯ ಹೊತ್ತನ್ನು ವಾರಕ್ಕೆ ಮೂರು ಗಂಟೆಗೆ ಇಳಿಸಿದರೆ ಒಟ್ಟು ಒಂಬತ್ತು ಗಂಟೆ, ಗಂಟೆಗೆ 8.13. ಇದರಲ್ಲೂ ಮನೆ ನಡೆಯುವುದಿಲ್ಲ, ನಿಜ. ಆದರೆ ಬೆಲೆ ಏರಿಸಿದರೆ ಗಿರಾಕಿ ಓಡಿಹೋಗುತ್ತಾರೆ ಎಂಬ ಭಯಕ್ಕೆ ಒಂದು ಅಂಕಿ ಸಿಕ್ಕಿತು: ಮೂರು ಪ್ಯಾಕೆಟ್ ಕಡಿಮೆ ಹೋದರೂ ನಷ್ಟವಿಲ್ಲ ಎಂಬುದು. ಇಂಡಿಯನ್ ಸ್ಟೋರಿಗೆ ಸಗಟಾಗಿ ಕೊಡುವ ಯೋಚನೆ ಬಂದರೆ ಇದೇ ಹಾಳೆಯಲ್ಲಿ ಅಂಗಡಿಯವರ ಶೇ. 30ರಿಂದ 40 ಮಾರ್ಜಿನ್ ಕಳೆದು ನೋಡಿ. 8 ಡಾಲರ್ ಪ್ಯಾಕೆಟ್ ಅಲ್ಲೇ ಸುಸ್ತಾಗುತ್ತದೆ.

ಈ ಲೆಕ್ಕ ಮಾಡಲು ಮೆಂಟರ್ ಯಾಕೆ, ಎಂಟನೆಯ ತರಗತಿ ಗಣಿತ ಸಾಲದೇ ಎಂದು ಕೇಳಬಹುದು. ಸಾಕು. ಆದರೆ ಸ್ವಂತ ವ್ಯಾಪಾರದ ಹಾಳೆಯಲ್ಲಿ ಯಾರೂ ತಮ್ಮ ಕೂಲಿಯ ಸಾಲು ಬರೆದುಕೊಳ್ಳುವುದಿಲ್ಲ. ಬರೆಯದೆ ಬಿಟ್ಟ ಸಾಲುಗಳನ್ನು ಕಂಡುಹಿಡಿಯುವುದೇ ಮೆಂಟರ್ ಕೆಲಸ. ಅಂಥ ಇನ್ನೊಂದು ಸಾಲು ತೆರಿಗೆಯದು. ನಿವ್ವಳ ಸಂಪಾದನೆಯ ಮೇಲೆ ಆದಾಯ ತೆರಿಗೆಯಲ್ಲದೆ ಸುಮಾರು ಶೇ. 15.3 ಸ್ವಯಂ ಉದ್ಯೋಗ ತೆರಿಗೆ ಬೀಳುತ್ತದೆ. ವರ್ಷಕ್ಕೆ ನಾಲ್ಕು ಕಂತು: ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ, ತಿಂಗಳ 15ಕ್ಕೆ. ಎರಡನೆಯ ಕಂತು ಮೂರು ತಿಂಗಳಿಗಲ್ಲ, ಎರಡೇ ತಿಂಗಳಿಗೆ ಬರುತ್ತದೆ. ಹೊಸಬರ ಕೈ ಖಾಲಿಯಾಗುವುದು ಅಲ್ಲೇ. ಗಿರಾಕಿಯಿಂದ ವಸೂಲಿ ಮಾಡಿದ ಸೇಲ್ಸ್ ಟ್ಯಾಕ್ಸ್ ನಿಮ್ಮ ದುಡ್ಡಲ್ಲ, ಅದಕ್ಕೆ ಬೇರೆ ಖಾತೆ ತೆರೆಯಿರಿ ಎಂದು ಹೆಚ್ಚುಕಡಿಮೆ ಎಲ್ಲ ಮೆಂಟರ್‌ಗಳೂ ಹೇಳುತ್ತಾರೆ, ಕೇಳುವವರು ಕಡಿಮೆ.

ಹೋಟೆಲ್ ಇಡುವವರಿಗೆ ಈ ಸೇವೆ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಹೊತ್ತಿಗೆ ಮುಂಚೆ ಹೋದರೆ. ಅಮೆರಿಕದ ಅಂಗಡಿ ಲೀಸ್ ನಮ್ಮೂರ ಭೋಗ್ಯದ ಲೀಸ್ ಅಲ್ಲ. ಚದರಡಿಗೆ ವರ್ಷಕ್ಕೆ 28 ಡಾಲರ್ ಎಂದು ಬರೆದಿದ್ದರೆ 1,200 ಚದರಡಿಗೆ ತಿಂಗಳಿಗೆ 2,800. ಕೆಳಗೆ ಟ್ರಿಪಲ್ ನೆಟ್ ಎಂಬ ಎರಡು ಪದ ಇರುತ್ತವೆ: ಕಟ್ಟಡದ ತೆರಿಗೆ, ವಿಮೆ, ನಿರ್ವಹಣೆ ಎಲ್ಲದರಲ್ಲೂ ನಿಮ್ಮ ಪಾಲು. ಅದು ಚದರಡಿಗೆ 9 ಡಾಲರ್ ಆದರೆ ಇನ್ನೊಂದು 900. ಅಲ್ಲಿಗೆ ಬಾಡಿಗೆ 3,700. ಬಾಡಿಗೆ ಮಾರಾಟದ ಶೇ. 10 ದಾಟಬಾರದು ಎಂಬ ರೂಢಿಯ ಲೆಕ್ಕ ಹಿಡಿದರೆ ತಿಂಗಳಿಗೆ 37,000 ಡಾಲರ್ ಮಾರಾಟ ಬೇಕು. ತಿಂಗಳಿಗೆ 26 ದಿನ ಬಾಗಿಲು ತೆಗೆದರೆ ದಿನಕ್ಕೆ ಸುಮಾರು 1,423. ತಲೆಗೆ 14 ಡಾಲರ್ ಬಿಲ್ಲಾದರೆ ದಿನಕ್ಕೆ 102 ಗಿರಾಕಿಗಳು, ಮಂಗಳವಾರವೂ ಸೇರಿ. ಮಸಾಲೆದೋಸೆಗೆ ಶನಿವಾರ ಸಾಲು ನಿಲ್ಲುತ್ತದೆ, ಮಂಗಳವಾರ ನಿಲ್ಲುವುದಿಲ್ಲ. ಡೆಲಿವರಿ ಆ್ಯಪ್‌ಗಳಿಂದ ಆ ಕೊರತೆ ತುಂಬುತ್ತೇವೆ ಎಂದರೆ ಅವು ಬಿಲ್ಲಿನ ಶೇ. 15ರಿಂದ 30ರಷ್ಟು ಕಮಿಷನ್ ಹಿಡಿಯುತ್ತವೆ.

ಇದರ ಜೊತೆ ಬಾಗಿಲು ತೆಗೆಯುವ ಮುಂಚಿನ ತಿಂಗಳುಗಳು. ದೋಸೆ ಹೆಂಚಿಗೆ, ಕರಿಯುವ ಬಾಣಲೆಗೆ ಜಿಡ್ಡಿನ ಹೊಗೆ ಎಳೆಯುವ ಟೈಪ್ 1 ಹುಡ್ ಬೇಕು, ಬೆಂಕಿ ನಂದಿಸುವ ವ್ಯವಸ್ಥೆ ಬೇಕು, ಚರಂಡಿಗೆ ಜಿಡ್ಡು ತಡೆಹಿಡಿಯುವ ಗ್ರೀಸ್ ಟ್ರ್ಯಾಪ್ ಬೇಕು. ಮೊದಲು ಬಟ್ಟೆಯಂಗಡಿಯಾಗಿದ್ದ ಜಾಗದಲ್ಲಿ ಇವೊಂದೂ ಇರುವುದಿಲ್ಲ. ಪರ್ಮಿಟ್‌ಗೆ ನಾಲ್ಕು ತಿಂಗಳು ಹಿಡಿದರೆ ಒಂದು ಇಡ್ಲಿಯೂ ಮಾರದೆ 14,800 ಡಾಲರ್ ಬಾಡಿಗೆ ಕಟ್ಟಿದಂತಾಯಿತು. ರೆಸ್ಟೋರೆಂಟ್ ನಡೆಸಿ ಬಲ್ಲ ಮೆಂಟರ್ ಸಹಿಗೆ ಮುಂಚೆ ಮೂರು ವಿಷಯ ಹಿಡಿದು ಕೂರಿಸುತ್ತಾರೆ. ಮೊದಲೇ ಹೋಟೆಲ್ ಆಗಿದ್ದ ಜಾಗ ಹುಡುಕಿ. ಬಾಡಿಗೆ ಶುರುವಾಗುವ ದಿನವನ್ನು ಪರ್ಮಿಟ್ ಸಿಗುವ ದಿನಕ್ಕೆ ಕಟ್ಟಿಹಾಕಿ, ಆಗದಿದ್ದರೆ ಕೆಲವು ತಿಂಗಳ ಬಾಡಿಗೆ ವಿನಾಯಿತಿ ಕೇಳಿ. ವೈಯಕ್ತಿಕ ಜಾಮೀನಿಗೆ ಮಿತಿ ಹಾಕಿಸಿ. ಮೂರನೆಯದೇ ಎಲ್ಲಕ್ಕಿಂತ ಮುಖ್ಯ: ಎಲ್‌ಎಲ್‌ಸಿ (ವ್ಯಾಪಾರದ ಸಾಲ ಮಾಲೀಕರ ಸ್ವಂತ ಆಸ್ತಿಗೆ ತಟ್ಟದಂಥ ಕಂಪನಿ) ಮಾಡಿಕೊಂಡಿದ್ದೇವೆ, ಮನೆಗೆ ಅಪಾಯವಿಲ್ಲ ಎಂದುಕೊಂಡವರು ಐದು ವರ್ಷದ ಲೀಸ್‌ಗೆ ವೈಯಕ್ತಿಕ ಜಾಮೀನು ಹಾಕಿದರೆ ಬಾಡಿಗೆಯ ಮಟ್ಟಿಗೆ ಆ ಎಲ್‌ಎಲ್‌ಸಿ ಇದ್ದೂ ಇಲ್ಲದಂತೆ. ಸಹಿಯಾದ ಮೇಲೆ ಹೋದರೆ ಮೆಂಟರ್ ಮಾಡಬಹುದಾದದ್ದು ಬಹಳ ಕಡಿಮೆ. ಮೇಲೆ ಕೊಟ್ಟ 5ಕ್ಕೆ 2 ಅಂಕ ಈ ಕಾರಣಕ್ಕೆ.

ಇನ್ನು ಸ್ಕೋರ್ ಕೈಕೊಡುವ ಜಾಗಗಳು. ಮೊದಲನೆಯದು ವೀಸಾ. ಮೆಂಟರ್‌ಗಳಲ್ಲಿ ಬಹುತೇಕರಿಗೆ ಕಂಪನಿ ಅರ್ಜಿ ಹಾಕಿ ಕೊಡಿಸುವ ಎಚ್-1ಬಿ ಉದ್ಯೋಗ ವೀಸಾದ ಗಂಧಗಾಳಿ ಇಲ್ಲ. "ಕೆಲಸ ಬಿಡಬೇಡಿ, ಸಂಜೆ ಹೊತ್ತು ಶುರುಮಾಡಿ" ಎಂಬುದು ಅಮೆರಿಕದವರಿಗೆ ಒಳ್ಳೆಯ ಸಲಹೆ. ಎಚ್-1ಬಿಯಲ್ಲಿರುವವರಿಗೆ ಅರ್ಜಿ ಹಾಕಿದ ಕಂಪನಿ ಬಿಟ್ಟು ತಮ್ಮದೇ ವ್ಯಾಪಾರದಲ್ಲಿ ದುಡಿಯಲು ಅನುಮತಿ ಇಲ್ಲ, ಸಂಜೆಯಾದರೂ ಅಷ್ಟೇ, ದುಡ್ಡು ತೆಗೆದುಕೊಳ್ಳದಿದ್ದರೂ ಅಷ್ಟೇ. ಎಚ್-1ಬಿಯವರ ಸಂಗಾತಿಗಳ ವೀಸಾ ಎಚ್-4. ಅವರಲ್ಲಿ ಅರ್ಹರಿಗೆ 2015ರಿಂದ ಸಿಗುತ್ತಿರುವ ಕೆಲಸದ ಪರವಾನಗಿ, ಇಎಡಿ, ಇದ್ದರೆ ಸ್ವಂತ ವ್ಯಾಪಾರ ಮಾಡಬಹುದು. ಆದರೆ ಇಎಡಿ ಅವಧಿ ಮುಗಿಯುವ ತಿಂಗಳನ್ನು ಕ್ಯಾಶ್ ಫ್ಲೋ ಹಾಳೆಯಲ್ಲಿ ಕೆಂಪಿನಲ್ಲಿ ಗುರುತಿಸಿ, ಅದರ ಮುಂದೆ ಎರಡು ಮೂರು ತಿಂಗಳು ಆದಾಯ ಸೊನ್ನೆ ಎಂದು ಹಾಕಿ ನೋಡಿ. ನವೀಕರಣ ತಡವಾದರೆ ಬಾಡಿಗೆ ನಿಲ್ಲುವುದಿಲ್ಲ, ನೀವು ನಿಲ್ಲಬೇಕಾಗುತ್ತದೆ. ಈ ಸಾಲನ್ನು ಮೆಂಟರ್ ಕೇಳುವುದಿಲ್ಲ, ನೀವೇ ಸೇರಿಸಬೇಕು. ಎಸ್‌ಬಿಎ ಖಾತರಿಯ ಸಾಲಗಳಿಗೂ ಮಾಲೀಕರ ಪೌರತ್ವದ ಷರತ್ತುಗಳು ಇತ್ತೀಚೆಗೆ ಬಿಗಿಯಾಗಿವೆ. ಯೋಜನೆ ಬರೆಯುವ ಮುಂಚೆ ಬ್ಯಾಂಕಿನಲ್ಲಿ ವಿಚಾರಿಸಿ, ಬರೆದ ಮೇಲಲ್ಲ. ವೀಸಾ ಪ್ರಶ್ನೆಗೆ ಇಮಿಗ್ರೇಷನ್ ವಕೀಲರಿಗೆ ಒಂದು ಗಂಟೆಯ ಫೀಸು ಕೊಡುವುದು ಲೇಸು.

ಎರಡನೆಯದು ಅಡುಗೆಮನೆಯ ಕಾನೂನು. ಮನೆಯಲ್ಲಿ ಮಾಡಿ ಮಾರುವ ಕಾಟೇಜ್ ಫುಡ್ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಜೆರ್ಸಿ ಅದಕ್ಕೆ ಒಪ್ಪಿದ್ದೇ 2021ರಲ್ಲಿ. ಒಣ ಪುಡಿಗೆ ಹಲವು ಕಡೆ ಅವಕಾಶವಿದೆ. ಉಪ್ಪಿನಕಾಯಿಗೆ ಹುಳಿಯ ಅಳತೆಯಾದ ಪಿಎಚ್ 4.6 ಅಥವಾ ಅದಕ್ಕಿಂತ ಕಡಿಮೆ ಇದೆಯೇ ಎಂಬ ಪ್ರಶ್ನೆ ಬರುತ್ತದೆ, ಕೆಲವು ಕಡೆ ಮನೆಯಲ್ಲಿ ಮಾಡುವುದಕ್ಕೇ ಅವಕಾಶವಿಲ್ಲ. ಕಾಯಿ ಹೂರಣದ ಹೋಳಿಗೆ ಫ್ರಿಜ್ ಬೇಡುವ ಪದಾರ್ಥವೋ ಅಲ್ಲವೋ ಎಂದು ಕೌಂಟಿಯ ಆರೋಗ್ಯ ಇಲಾಖೆಯನ್ನೇ ಕೇಳಬೇಕು. ಲೇಬಲ್ ಇನ್ನೊಂದು ಬಲೆ. ಅಲರ್ಜಿ ಪಟ್ಟಿಯಲ್ಲಿ ಶೇಂಗಾ ಹಿಂದಿನಿಂದಲೂ ಇದೆ. 2023ರ ಜನವರಿ 1ರಿಂದ ಎಳ್ಳೂ ಸೇರಿದೆ. ಎಲ್ಲರೂ ಮರೆಯುವುದು ಇಂಗನ್ನು: ಡಬ್ಬಿಯಲ್ಲಿ ಬರುವ ಕೂಟು ಇಂಗಿನಲ್ಲಿ ಬಹುಪಾಲು ಗೋಧಿಹಿಟ್ಟು ಬೆರೆತಿರುತ್ತದೆ. ಡಬ್ಬಿಯ ಹಿಂಬದಿ ಓದದೆ ಸಾರಿನಪುಡಿಗೆ 'ಗ್ಲುಟನ್ ಇಲ್ಲ' ಎಂದು ಅಚ್ಚು ಹಾಕಿಸಿದರೆ ಅಚ್ಚಾದ ಸಾವಿರ ಲೇಬಲ್ ರದ್ದಿಗೆ. ಪ್ಯಾಕೆಟ್ ಆಹಾರದಲ್ಲಿ ಕೆಲಸ ಮಾಡಿದ ಮೆಂಟರ್ ಇದನ್ನು ಮೊದಲ ದಿನವೇ ಕೇಳುತ್ತಾರೆ, ಬ್ಯಾಂಕಿನಿಂದ ಬಂದವರಿಗೆ ಇಂಗು ಎಂದರೇನು ಅಂತಲೇ ಗೊತ್ತಿರುವುದಿಲ್ಲ. ಅಂಥ ಹೊತ್ತಿನಲ್ಲಿ ನಿಮ್ಮ ಮೆಂಟರನ್ನೇ ಕೇಳಿ, ಬೇರೆ ಶಾಖೆಯ ಪರಿಣತರೊಬ್ಬರನ್ನು ಒಂದು ಭೇಟಿಗೆ ಕರೆಸಿ ಎಂದು. ಹಾಗೆ ಜೊತೆಗೂಡಿಸುವ ಪದ್ಧತಿ ಇದೆ, ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ.

ಮೂರನೆಯ ತೊಂದರೆ ಮೆಂಟರ್ ಯಾರು ಎಂಬುದರದ್ದೇ. ದೊಡ್ಡ ಕಂಪನಿಯಲ್ಲಿ ಕೋಟಿಗಳ ಬಜೆಟ್ ನೋಡಿಕೊಂಡವರಿಗೆ, ಶುಕ್ರವಾರ ಇಬ್ಬರು ಕೆಲಸದವರಿಗೆ ಪಗಾರ ಕೊಟ್ಟು ಕೈಯಲ್ಲಿ ಎಷ್ಟು ಉಳಿಯಿತು ಎಂಬ ಚಿಂತೆ ಹೊಸದು. ಪರೀಕ್ಷಿಸಲು ಒಂದು ಪ್ರಶ್ನೆ ಸಾಕು: "ನೀವು ಸ್ವಂತ ದುಡ್ಡಿನಿಂದ ಯಾರಿಗಾದರೂ ಸಂಬಳ ಕೊಟ್ಟಿದ್ದೀರಾ?" ಇಲ್ಲ ಎಂದರೆ ಅವರನ್ನು ಬಿಡಬೇಕಿಲ್ಲ, ಒಪ್ಪಂದ ಓದಲು, ಸಾಲದ ಅರ್ಜಿ ತಿದ್ದಲು ಇಟ್ಟುಕೊಳ್ಳಿ, ಬೆಲೆ ಕಟ್ಟಲು ಬೇರೆಯವರನ್ನು ಹುಡುಕಿ. ಇನ್‌ಸ್ಟಾಗ್ರಾಮ್ ಜಾಹೀರಾತಿನ ವಿಷಯದಲ್ಲಿ ಹಲವು ಮೆಂಟರ್‌ಗಳ ಸಲಹೆ ಹಳೆಯದು. ಅದನ್ನು ಗೌರವದಿಂದ ಕೇಳಿಸಿಕೊಂಡು ಸುಮ್ಮನಿರುವುದು ಉತ್ತಮ. ಮೆಂಟರ್ ಬದಲಾಯಿಸಲು ಮುಜುಗರ ಬೇಡ, ಶಾಖೆಗಳಿಗೆ ಇದು ದಿನನಿತ್ಯದ ಕೆಲಸ. ಹಿರಿಯರು, ಬೇಜಾರಾದೀತು ಎಂದು ಆರು ತಿಂಗಳು ಕಾದು ಕೂರುವುದು ನಮ್ಮವರದೇ ವಿಶೇಷ ಕಾಯಿಲೆ.

ಸ್ಕೋರ್ ತನ್ನ ಯಶಸ್ಸಿನ ಅಂಕಿಗಳನ್ನು ಪ್ರಕಟಿಸುತ್ತದೆ, ಆದರೆ ಅವು ಪ್ರಶ್ನಾವಳಿಗೆ ಉತ್ತರ ಕೊಟ್ಟ ಗಿರಾಕಿಗಳಿಂದ ಬಂದವು. ವ್ಯಾಪಾರ ಮುಚ್ಚಿದವರು ಪ್ರಶ್ನಾವಳಿ ತುಂಬುವುದು ಕಡಿಮೆ. ಅವನ್ನು ಅಷ್ಟರಮಟ್ಟಿಗೇ ನಂಬಬೇಕು.

ಪರ್ಯಾಯ ಇದೆಯೇ? ಇದೆ. ಎಸ್‌ಬಿಡಿಸಿ ಎಂಬ ಸಣ್ಣ ಉದ್ಯಮ ಅಭಿವೃದ್ಧಿ ಕೇಂದ್ರಗಳು ಹೆಚ್ಚಾಗಿ ವಿಶ್ವವಿದ್ಯಾಲಯ, ಕಾಲೇಜುಗಳ ಆಶ್ರಯದಲ್ಲಿವೆ, ಅಲ್ಲಿನ ಸಲಹೆಗಾರರು ಸಂಬಳದವರು, ಸಲಹೆ ನಿಮಗೆ ಉಚಿತವೇ. ಬ್ಯಾಂಕ್ ಸಾಲದ ಕಾಗದಪತ್ರ ಕಟ್ಟಲು ಸ್ಕೋರ್‌ಗಿಂತ ಅವರು ವಾಸಿ. 50,000 ಡಾಲರ್‌ವರೆಗಿನ ಎಸ್‌ಬಿಎ ಮೈಕ್ರೋಲೋನ್ ನೋಡುತ್ತಿದ್ದರೆ ಮೊದಲು ಅಲ್ಲಿಗೇ ಹೋಗಿ. ಎರಡೂ ಕಡೆ ಒಟ್ಟಿಗೆ ಹೋಗಲು ಅಡ್ಡಿಯಿಲ್ಲ. ಎಸ್‌ಬಿಡಿಸಿಯಲ್ಲಿ ಸಾಲ, ಸ್ಕೋರ್‌ನಲ್ಲಿ ತಿಂಗಳ ಲೆಕ್ಕ ಎಂದು ಹಂಚಿಕೊಂಡರೆ ಸರಿಹೋಗುತ್ತದೆ.

ಊರಿನಲ್ಲಿರುವ ತಂಗಿಗೋ ಭಾವನಿಗೋ ಇಂಥದ್ದು ಬೇಕೆಂದರೆ ಕರ್ನಾಟಕದಲ್ಲಿ ದಾರಿ ಸ್ವಲ್ಪ ಬೇರೆ. ಮಹಿಳಾ ಉದ್ಯಮಿಗಳಿಗೆ 1983ರಿಂದ ಬೆಂಗಳೂರಿನಲ್ಲಿ ಅವೇಕ್ ಸಂಘಟನೆ ಇದೆ. ಉದ್ಯಮ ನಡೆಸಿದ ಹೆಂಗಸರೇ ಹೊಸಬರಿಗೆ ಹೇಳಿಕೊಡುವುದು ಅದರ ಬಲ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯಲ್ಲಿ ಈಗ ಜಿಲ್ಲೆ ಜಿಲ್ಲೆಯಲ್ಲಿ ಆರ್‌ಸೆಟಿ ಎಂಬ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ: ಊಟ, ವಸತಿ ಸಮೇತ ಉಚಿತ ತರಬೇತಿ, ಮುಗಿದ ಮೇಲೆ ಎರಡು ವರ್ಷ ಬೆನ್ನುಹತ್ತಿ ವಿಚಾರಿಸುತ್ತಾರೆ, ಬ್ಯಾಂಕಿಗೂ ಜೋಡಿಸುತ್ತಾರೆ. ಸ್ವಯಂಸೇವಕ ಮೆಂಟರ್ ಒಬ್ಬರನ್ನು ಒಬ್ಬ ಯುವ ಉದ್ಯಮಿಗೆ ಗಂಟುಹಾಕುವ ಪದ್ಧತಿ ಭಾರತದಲ್ಲಿ 1992ರಿಂದ ಭಾರತೀಯ ಯುವ ಶಕ್ತಿ ಟ್ರಸ್ಟಿನದು. ಹನ್ನೆರಡು ತಿಂಗಳ ಹಾಳೆಯನ್ನು ಮಾತ್ರ ಸ್ಕೋರ್ ತಾಣದಿಂದಲೇ ಇಳಿಸಿಕೊಳ್ಳಿ, ಡಾಲರ್ ಇದ್ದಲ್ಲಿ ರೂಪಾಯಿ ಹಾಕಿ, ತೆರಿಗೆ ಕಂತಿನ ತಿಂಗಳುಗಳನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ಎಂದು ತಿದ್ದಿಕೊಳ್ಳಿ.